ಕ್ಷೇಮವೆಂಬ ಕರ್ತವ್ಯ

ಭಗವದ್ಗೀತೆಯಲ್ಲಿ ಒಂದೇ ಪದ ಎರಡು ಕಡೆ ಎರಡು ಮುಖ ತೋರಿಸುತ್ತದೆ. ಎರಡನೆಯ ಅಧ್ಯಾಯದಲ್ಲಿ ಕೃಷ್ಣ ಅರ್ಜುನನಿಗೆ ‘ನಿರ್ಯೋಗಕ್ಷೇಮ’ನಾಗು ಎಂದು ಬೋಧಿಸುತ್ತಾನೆ. ಒಂಬತ್ತನೆಯ ಅಧ್ಯಾಯದಲ್ಲಿ ತನ್ನನ್ನೇ ನೆನೆಯುವವರ ಯೋಗಕ್ಷೇಮವನ್ನು ತಾನೇ ಹೊರುವುದಾಗಿ ಮಾತು ಕೊಡುತ್ತಾನೆ. ಯೋಗವೆಂದರೆ ಇಲ್ಲದ್ದನ್ನು ಪಡೆಯುವುದು, ಕ್ಷೇಮವೆಂದರೆ ಪಡೆದದ್ದನ್ನು ಕಾಪಾಡುವುದು ಎಂದು ಶಂಕರಾಚಾರ್ಯರ ಭಾಷ್ಯ ಈ ಜೋಡಿಪದವನ್ನು ಬಿಡಿಸುತ್ತದೆ. ಹಾಗಾದರೆ ಕಾಪಾಡುವ ಕೆಲಸವನ್ನು ಬಿಡಬೇಕೋ, ಮಾಡಬೇಕೋ? ಸಾಧಕನಿಗೆ ಬೇಡವಾದದ್ದು ದೇವರಿಗೇಕೆ ಬೇಕಾಯಿತು? ಈ ಪ್ರಶ್ನೆ ಇವತ್ತು ಮಠಗಳಲ್ಲಿ, ಪಾಠಶಾಲೆಗಳಲ್ಲಿ ಮಾತ್ರ ಏಳುವಂಥದ್ದಲ್ಲ. ಮದುವೆಯ ಚಿತ್ರಗಳು, ತೀರಿಕೊಂಡ ಅಜ್ಜಿಯ ದನಿ, ಮಕ್ಕಳ ಅಂಕಪಟ್ಟಿ, ಜಮೀನಿನ ಪಹಣಿ, ಅರ್ಧ ಬರೆದ ಪ್ರಬಂಧ, ಇವೆಲ್ಲ ಒಂದು ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿರುವ ಪ್ರತಿ ಮನೆಯಲ್ಲೂ ಅದು ಇದೆ. ರೌಟರ್ ಪಕ್ಕದಲ್ಲಿ ಒಂದು ಪುಟ್ಟ ಪೆಟ್ಟಿಗೆ ಇಟ್ಟು, ಮನೆಯ ಕಂಪ್ಯೂಟರುಗಳಲ್ಲಿ ಇರುವುದೆಲ್ಲ ರಾತ್ರಿಯ ಹೊತ್ತು ತಾನಾಗಿ ಅಲ್ಲಿಗೆ ನಕಲಾಗುವಂತೆ ಏರ್ಪಾಡು ಮಾಡುವುದು ಮೋಹವೇ, ಧರ್ಮವೇ? ಅದು ಧರ್ಮ ಎಂಬುದು ನನ್ನ ವಾದ. ಮೋಹ ಒಂದನ್ನೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಪ್ರತಿ ಮಾಡುವವನು ತನ್ನ ಕೈಯಲ್ಲಿರುವುದು ಒಂದು ದಿನ ಹೋಗುತ್ತದೆಂದು ಒಪ್ಪಿಕೊಂಡೇ ಕೆಲಸಕ್ಕೆ ಕೂರುತ್ತಾನೆ.

ಮೊದಲು ಆ ಪೆಟ್ಟಿಗೆಯ ವಿಚಾರ. ನೆಟ್‌ವರ್ಕ್ ಡ್ರೈವ್ ಎಂದರೆ ಮನೆಯ ರೌಟರಿಗೆ ತಂತಿಯಿಂದ ಸೇರಿಸಿದ, ಒಂದೋ ಎರಡೋ ಹಾರ್ಡ್ ಡಿಸ್ಕ್ ಇರುವ ಸಣ್ಣ ಯಂತ್ರ. ಮನೆಯ ಎಲ್ಲ ಕಂಪ್ಯೂಟರುಗಳಿಗೂ ಅದು ತಮ್ಮದೇ ಒಂದು ಫೋಲ್ಡರಿನಂತೆ ಕಾಣುತ್ತದೆ. ಅಂಗಡಿಯಲ್ಲಿ ಸಿದ್ಧವಾಗಿಯೂ ಸಿಗುತ್ತದೆ. ಮೂಲೆಗೆ ಬಿದ್ದ ಹಳೆಯ ಡೆಸ್ಕ್‌ಟಾಪಿಗೋ ಅಂಗೈ ಅಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿಗೋ ಡಿಸ್ಕ್ ಜೋಡಿಸಿ, ಸಾಂಬಾ ಎಂಬ ತಂತ್ರಾಂಶ ಹಾಕಿದರೂ ಸಾಕು. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ 1992ರಲ್ಲಿ ಶುರುಮಾಡಿದ ಈ ತಂತ್ರಾಂಶಕ್ಕೆ ಯಾರೂ ಬೆಲೆ ಕೊಡಬೇಕಾಗಿಲ್ಲ. ವಿಂಡೋಸ್‌ನ ಫೈಲ್ ಹಿಸ್ಟರಿಗೆ ಅಥವಾ ಮ್ಯಾಕ್‌ನ ಟೈಮ್ ಮೆಷೀನಿಗೆ ಆ ಫೋಲ್ಡರನ್ನು ತೋರಿಸಿಕೊಟ್ಟರೆ ಮುಂದಿನದು ಅವುಗಳ ಕೆಲಸ. ತಂತಿಯ ಮೂಲಕವಾದರೆ ಒಂದು ಟೆರಾಬೈಟ್ ಮೊದಲ ಸಲ ಸಾಗಲು ಎರಡೂವರೆ, ಮೂರು ಗಂಟೆಯಾದರೂ ಹಿಡಿಯುತ್ತದೆ. ಆಮೇಲೆ ದಿನದಿನದ ಬದಲಾವಣೆ ಮಾತ್ರ. ಕರೆಂಟು ಆಗಾಗ ಹೋಗುವ ಊರಾದರೆ ಒಂದು ಯುಪಿಎಸ್ ಬೇಕು. ಇಷ್ಟೆಲ್ಲ ಯಾಕೆ ಬೇಕೆಂದರೆ ಡಿಸ್ಕ್ ಸಾಯುತ್ತದೆ. ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಓದುವ ಮುಳ್ಳು ತೇಲುತ್ತಿರುತ್ತದೆ. ಅಂಥ ಯಂತ್ರ ಇಷ್ಟು ದಿನ ನಡೆಯುವುದೇ ಅಚ್ಚರಿ, ನಿಲ್ಲುವುದು ಸಹಜ. ಅನಿತ್ಯವನ್ನು ಬುದ್ಧ ಉಪದೇಶದಿಂದ ತಿಳಿಸಿದ. ಹಾರ್ಡ್ ಡಿಸ್ಕ್ ಅದನ್ನು ಒಂದು ದಿನ ಟಿಕ್ ಟಿಕ್ ಸದ್ದಿನಿಂದ ತಿಳಿಸುತ್ತದೆ. ಆ ಸದ್ದು ಕೇಳಿಸಿದ ಮೇಲೆ ಪ್ರತಿ ಮಾಡಲು ಹೊರಡುವುದು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಕಾಪಾಡುವುದು ಮೋಹ ಎನ್ನುವವರು ಮೊದಲು ಎದುರಿಸಬೇಕಾದ ಸಾಕ್ಷ್ಯ ಸನ್ಯಾಸಿಗಳ ಕಡೆಯಿಂದಲೇ ಬರುತ್ತದೆ. ಏನನ್ನೂ ತನ್ನದಾಗಿ ಇಟ್ಟುಕೊಳ್ಳದ ಅಪರಿಗ್ರಹವನ್ನು ಜೈನ ದಿಗಂಬರ ಮುನಿಗಳಷ್ಟು ಕಠಿಣವಾಗಿ ಪಾಲಿಸಿದವರು ವಿರಳ. ಉಟ್ಟ ಬಟ್ಟೆಯನ್ನೂ ಬಿಟ್ಟವರು ಅವರು. ಆ ಪರಂಪರೆ ಹೇಳುವಂತೆ, ಗಿರಿನಾರಿನ ಗುಹೆಯಲ್ಲಿದ್ದ ಮುದಿ ಆಚಾರ್ಯ ಧರಸೇನರಿಗೆ ತಮ್ಮ ನೆನಪಿನಲ್ಲಿ ಉಳಿದಿದ್ದ ಶ್ರುತಜ್ಞಾನ ತಮ್ಮೊಡನೆ ಅಳಿದುಹೋಗುತ್ತದೆಂಬ ಚಿಂತೆ ಹತ್ತಿತು. ದಕ್ಷಿಣದಿಂದ ಇಬ್ಬರು ಮುನಿಗಳನ್ನು ಕರೆಸಿಕೊಂಡು, ಪರೀಕ್ಷಿಸಿ, ಅವರಿಗೆ ಅದನ್ನು ಒಪ್ಪಿಸಿದರು. ಆ ಇಬ್ಬರು, ಪುಷ್ಪದಂತ ಮತ್ತು ಭೂತಬಲಿ, ಅದನ್ನು ‘ಷಟ್ಖಂಡಾಗಮ’ವಾಗಿ ಬರಹಕ್ಕೆ ಇಳಿಸಿದರು. ದೇಹದ ಚಿಂತೆ ಬಿಟ್ಟವರಿಗೆ ಈ ಚಿಂತೆ ಮಾತ್ರ ಯಾಕೆ ಬಂತು? ಧರಸೇನರು ಜ್ಞಾನವನ್ನು ತಮ್ಮ ಸೊತ್ತೆಂದು ತಿಳಿದಿದ್ದರೆ ಅದು ತಮ್ಮೊಡನೆ ಹೋಗುವುದರಲ್ಲಿ ಅವರಿಗೆ ಸಂಕಟ ಕಾಣುತ್ತಿರಲಿಲ್ಲ. ತಾವು ಬರೀ ಪಾತ್ರೆ, ಒಳಗಿರುವುದು ಬೇರೆಯವರದು ಎಂದು ತಿಳಿದಿದ್ದರಿಂದಲೇ ಬಿರುಕು ಬಿಟ್ಟ ಪಾತ್ರೆಯಿಂದ ಅದನ್ನು ಇನ್ನೊಂದಕ್ಕೆ ಹೊಯ್ಯಲು ಆತುರಪಟ್ಟರು. ಅಪರಿಗ್ರಹಕ್ಕೂ ಕ್ಷೇಮಕ್ಕೂ ಇಲ್ಲಿ ಜಗಳವಿಲ್ಲ. ತನ್ನದಲ್ಲವೆಂದು ಅರಿತವನು ಕಾಪಾಡುವಷ್ಟು ಎಚ್ಚರದಿಂದ ತನ್ನದೆಂದುಕೊಂಡವನು ಕಾಪಾಡುವುದಿಲ್ಲ.

ಇದೇ ಜೈನಧರ್ಮ ಆಹಾರ, ಔಷಧ, ಅಭಯಗಳ ಜೊತೆಗೆ ಶಾಸ್ತ್ರವನ್ನೂ ದಾನಗಳಲ್ಲಿ ಸೇರಿಸಿತು. ಕನ್ನಡನಾಡಿನಲ್ಲಿ ಆ ದಾನಕ್ಕೆ ದೊಡ್ಡ ಹೆಸರು ಅತ್ತಿಮಬ್ಬೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಸ್ಥಾನದಲ್ಲಿದ್ದ ಪೊನ್ನ ಬರೆದ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಓಲೆಯ ಮೇಲೆ ಬರೆಸಿ ಆಕೆ ಹಂಚಿದಳು ಎಂದು ನಮ್ಮ ಸಾಹಿತ್ಯ ಚರಿತ್ರೆ ಸ್ಮರಿಸುತ್ತದೆ. ಆ ಹೊತ್ತಿಗೆ ರಾಷ್ಟ್ರಕೂಟರ ಮಾನ್ಯಖೇಟ ಸೂರೆಯಾಗಿ, ಅಧಿಕಾರ ಚಾಲುಕ್ಯ ತೈಲಪನ ಕೈಗೆ ಬಂದಿತ್ತು. ರಾಜಧಾನಿಗಳು ಬೀಳುತ್ತಿದ್ದ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಒಂದು ಕಾವ್ಯವನ್ನು ಯಾವ ಒಂದು ಅರಮನೆಯ ಭಾಗ್ಯಕ್ಕೂ ಕಟ್ಟಿಹಾಕದೆ ಸಾವಿರ ಕಡೆಗೆ ಕಳುಹಿಸಿದಳು. ಇನ್ನೊಂದು ಸಂಗತಿ ಗಮನಿಸಬೇಕು. ಪೊನ್ನ ‘ಭುವನೈಕ ರಾಮಾಭ್ಯುದಯ’ ಎಂಬ ಇನ್ನೊಂದು ಕಾವ್ಯವನ್ನೂ ಬರೆದಿದ್ದ. ಅದು ನಮಗೆ ಸಿಕ್ಕಿಲ್ಲ. ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ‘ಅಜಿತಪುರಾಣ’ ಬರೆದ ರನ್ನನ ಎರಡು ಕೃತಿಗಳೂ, ‘ಪರಶುರಾಮಚರಿತ’ ಮತ್ತು ‘ಚಕ್ರೇಶ್ವರಚರಿತ’, ಹೀಗೆಯೇ ಕಳೆದುಹೋದವು. ಅವರೇ ಕವಿಗಳು, ಒಂದೇ ಶತಮಾನ, ಅದೇ ಓಲೆಗರಿ, ಅದೇ ಗೆದ್ದಲು. ಕಾವ್ಯಗುಣವೊಂದರಿಂದಲೇ ಪುಸ್ತಕ ಉಳಿಯುವುದಿಲ್ಲ ಎನ್ನಲು ಇದಕ್ಕಿಂತ ದೊಡ್ಡ ನಿದರ್ಶನ ಬೇಡ. ಯಾರೋ ಕೂತು ಪ್ರತಿ ಮಾಡಬೇಕು, ಮಾಡಿದ್ದನ್ನು ಬೇರೆಯವರ ಮನೆಗೆ ಕೊಟ್ಟು ಬರಬೇಕು.

ಪ್ರತಿ ಮಾಡುವುದು ಈ ಧರ್ಮದ ಮೊದಲ ಅಂಗವಾದರೆ, ‘ಬೇರೆಯವರ ಮನೆ’ ಎಂಬ ಮಾತಿನಲ್ಲೇ ಎರಡನೆಯ ಅಂಗವಿದೆ. ಪೆಟ್ಟಿಗೆಯಲ್ಲಿ ಎರಡು ಡಿಸ್ಕ್ ಹಾಕಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಆಗಲೇ ಬರೆಯುವಂತೆ ಮಾಡಿದರೆ ಅನೇಕರು ನೆಮ್ಮದಿಯಿಂದ ಮಲಗುತ್ತಾರೆ. ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ 1988ರ ಲೇಖನದಲ್ಲಿ ರೇಡ್ ಎಂದು ಹೆಸರಿಟ್ಟು ವಿವರಿಸಿದ ಉಪಾಯಗಳಲ್ಲಿ ಇದೂ ಒಂದು. ಒಂದು ಡಿಸ್ಕ್ ಕೆಟ್ಟರೆ ಕೆಲಸ ನಿಲ್ಲದಂತೆ ಅದು ನೋಡಿಕೊಳ್ಳುತ್ತದೆ. ಆದರೆ ಕೈತಪ್ಪಿ ಅಳಿಸಿದ ಫೈಲು ಎರಡೂ ಕಡೆ ಒಟ್ಟಿಗೆ ಅಳಿಯುತ್ತದೆ. ಕಳ್ಳ ಪೆಟ್ಟಿಗೆಯನ್ನು ಇಡಿಯಾಗಿ ಒಯ್ಯುತ್ತಾನೆ. 2018ರಲ್ಲಿ ಕೊಡಗಿನ ಗುಡ್ಡಗಳು ಜರಿದಾಗ, 2019ರ ಆಗಸ್ಟಿನಲ್ಲಿ ಕೃಷ್ಣೆ, ಮಲಪ್ರಭೆಗಳು ಉಕ್ಕಿದಾಗ ನೀರು ಮೂಲವನ್ನೂ ನಕಲನ್ನೂ ಬೇರೆ ಬೇರೆಯಾಗಿ ಎಣಿಸಲಿಲ್ಲ. 2017ರ ಮೇ ತಿಂಗಳಲ್ಲಿ ಸುಮಾರು 150 ದೇಶಗಳ ಕಂಪ್ಯೂಟರುಗಳಿಗೆ ಬೀಗ ಹಾಕಿ ಹಣ ಕೇಳಿದ ವಾನಾಕ್ರೈ ವೈರಸ್ ಹರಡಿದ್ದು, ಮನೆಯ ನೆಟ್‌ವರ್ಕ್ ಡ್ರೈವಿಗೂ ದಾರಿಯಾಗಿರುವ ಎಸ್‌ಎಂಬಿ ಎಂಬ ಹಂಚಿಕೆಯ ಹಳೆಯ ಆವೃತ್ತಿಯಲ್ಲಿದ್ದ ಬಿರುಕಿನಿಂದ. ಆದ್ದರಿಂದ ಬಲ್ಲವರು ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದ ದೂರ ಎಂಬ ನಿಯಮ ಹೇಳುತ್ತಾರೆ. ಬ್ಯಾಕಪ್ಪಿಗೆಂದೇ ಬೇರೆ ಖಾತೆ, ಬೇರೆ ಪಾಸ್‌ವರ್ಡ್, ಹಿಂದಿನ ದಿನಗಳ ಸ್ಥಿತಿಯನ್ನು ಬದಲಿಸಲಾಗದಂತೆ ಹಿಡಿದಿಡುವ ಸ್ನ್ಯಾಪ್‌ಶಾಟ್, ಜೊತೆಗೆ ನಕಲು ಮುಗಿದ ಕೂಡಲೇ ತಂತಿ ಕಿತ್ತು ಅಕ್ಕನ ಮನೆಗೋ ಅಣ್ಣನ ಮನೆಗೋ ಹೋಗುವ ಇನ್ನೊಂದು ಡಿಸ್ಕ್. ನಮ್ಮ ಹಿರಿಯರು ಕಾಗದ ಶುರುಮಾಡುತ್ತಿದ್ದದ್ದು ‘ಉಭಯ ಕುಶಲೋಪರಿ’ ಎಂದು. ಇತ್ತಲೂ ಅತ್ತಲೂ ಕುಶಲವಿದ್ದರೆ ಮಾತ್ರ ಕುಶಲ. ಕ್ಷೇಮ ಒಂದೇ ಸೂರಿನ ಕೆಳಗೆ ಪೂರ್ಣವಾಗುವುದಿಲ್ಲ.

ಚಲನಚಿತ್ರದ ಇತಿಹಾಸದಲ್ಲಿ ಇದರ ಎರಡೂ ಮುಖಗಳಿವೆ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಕನ್ನಡ ಬೆಳ್ಳಿತೆರೆಯಲ್ಲಿ ಮೊದಲು ಮಾತಾಡಿದ ದನಿಗಳನ್ನು ಕನ್ನಡಿಗರು ಇನ್ನು ಕೇಳಲಾರರು. ಇನ್ನೊಂದು 1998ರದು. ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ 2’ ತಯಾರಾಗುತ್ತಿದ್ದಾಗ ಯಾರೋ ಕೊಟ್ಟ ಒಂದು ತಪ್ಪು ಆದೇಶದಿಂದ ಚಿತ್ರದ ಫೈಲುಗಳು ಒಂದೊಂದಾಗಿ ಅಳಿಯತೊಡಗಿದವು. ಸಂಸ್ಥೆಯ ಬ್ಯಾಕಪ್ ತೆಗೆದು ನೋಡಿದರೆ ಅದು ಕೆಟ್ಟಿತ್ತು. ಕೊನೆಗೆ ಒದಗಿದ್ದು ಒಂದು ಮನೆಯ ಕಂಪ್ಯೂಟರು. ತಾಂತ್ರಿಕ ನಿರ್ದೇಶಕಿ ಗ್ಯಾಲಿನ್ ಸುಸ್‌ಮನ್ ಹಸುಗೂಸಿನ ಆರೈಕೆಗೆಂದು ಮನೆಯಿಂದ ಕೆಲಸ ಮಾಡುತ್ತಿದ್ದರು, ಚಿತ್ರದ ಪ್ರತಿ ಅವರ ಯಂತ್ರಕ್ಕೆ ಆಗಾಗ ಬರುತ್ತಿತ್ತು. ದೊಡ್ಡ ಸಂಸ್ಥೆಯ ಯಂತ್ರಕೋಣೆ ಕಾಪಾಡಲಾರದ್ದನ್ನು ಒಬ್ಬ ತಾಯಿಯ ಮನೆ ಕಾಪಾಡಿತು. ಇದನ್ನು ಅದೃಷ್ಟ ಎನ್ನಬಹುದು. ಆ ಅದೃಷ್ಟಕ್ಕೆ ಕಾರಣವಿತ್ತು: ಪ್ರತಿ ದೂರದಲ್ಲಿತ್ತು, ಬೇರೆಯವರ ಕೈಯಲ್ಲಿತ್ತು, ಹೊಸದಾಗಿತ್ತು.

ಮೂರನೆಯ ಅಂಗ ಪರೀಕ್ಷೆ. ಬ್ಯಾಕಪ್ ಇದೆ ಎಂಬ ನಂಬಿಕೆಯೂ ಬ್ಯಾಕಪ್ಪೂ ಒಂದೇ ಅಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು ಆಯಾಸದ ಹೊತ್ತಿನಲ್ಲಿ ತಪ್ಪಾದ ಯಂತ್ರದಲ್ಲಿ ಅಳಿಸುವ ಆದೇಶ ಕೊಟ್ಟರು. ಆ ಸಂಸ್ಥೆ ಏನನ್ನೂ ಮುಚ್ಚಿಡದೆ ನಡೆದುದೆಲ್ಲವನ್ನೂ ಲೋಕಕ್ಕೆ ಬಿಚ್ಚಿ ಹೇಳಿತು: ಐದು ಬಗೆಯ ಬ್ಯಾಕಪ್ ಏರ್ಪಾಡುಗಳಲ್ಲಿ ಒಂದೂ ನೆಚ್ಚಿದಂತೆ ಒದಗಲಿಲ್ಲ, ಆರು ಗಂಟೆ ಮೊದಲು ಬೇರೊಂದು ಕೆಲಸಕ್ಕೆ ಕೈಯಾರೆ ತೆಗೆದಿದ್ದ ಪ್ರತಿ ಕಾಪಾಡಿತು. ನಮ್ಮ ಪರಂಪರೆಗಳು ಈ ಅಪಾಯವನ್ನು ಬಹಳ ಹಿಂದೆಯೇ ಬಲ್ಲವು. ಷಟ್ಖಂಡಾಗಮ ಪೂರ್ಣಗೊಂಡ ದಿನವೆಂದು ಜ್ಯೇಷ್ಠ ಶುದ್ಧ ಪಂಚಮಿಯನ್ನು ದಿಗಂಬರ ಜೈನರು ಶ್ರುತಪಂಚಮಿಯಾಗಿ ಆಚರಿಸುತ್ತಾರೆ. ಅಂದು ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರ ಸುತ್ತಿ ಪೂಜಿಸುತ್ತಾರೆ. ಪೂಜೆಯ ಹೆಸರಿನಲ್ಲಿ ವರ್ಷಕ್ಕೊಮ್ಮೆಯಾದರೂ ಗೆದ್ದಲು ಹಿಡಿದಿದೆಯೇ ಎಂದು ಕಣ್ಣು ಹಾಯಿಸುವ ಕೆಲಸ ಅದರಿಂದ ನಡೆದುಹೋಗುತ್ತದೆ. ವೇದಪಾಠಿಗಳದು ಇನ್ನೂ ಸೂಕ್ಷ್ಮವಾದ ಉಪಾಯ. ಒಂದೇ ಮಂತ್ರವನ್ನು ಪದ, ಕ್ರಮ, ಜಟಾ, ಘನ ಎಂಬ ಬೇರೆ ಬೇರೆ ಪಾಠಗಳಲ್ಲಿ ಕಲಿಯುತ್ತಾರೆ. ಘನಪಾಠದಲ್ಲಿ ಎರಡು ಪದ ಮುಂದಕ್ಕೆ, ಅವೇ ಹಿಂದಕ್ಕೆ, ಮತ್ತೆ ಮೂರು ಪದ ಮುಂದಕ್ಕೆ, ಹಿಂದಕ್ಕೆ, ಮುಂದಕ್ಕೆ ಹೀಗೆ ಹೆಣೆದು ಸಾಗುವಾಗ ಒಂದು ಸ್ವರ ತಪ್ಪಿದರೂ ಹೆಣಿಗೆ ಸಿಕ್ಕಿಕೊಳ್ಳುತ್ತದೆ. ಇಂದಿನ ಒಳ್ಳೆಯ ನೆಟ್‌ವರ್ಕ್ ಡ್ರೈವ್ ಪ್ರತಿ ಫೈಲಿನಿಂದ ಚೆಕ್‌ಸಮ್ ಎಂಬ ಒಂದು ಅಂಕಿಯನ್ನು ಎಣಿಸಿಟ್ಟು, ತಿಂಗಳಿಗೊಮ್ಮೆ ಎಲ್ಲವನ್ನೂ ಓದಿ ಅದರೊಡನೆ ತಾಳೆ ನೋಡುವುದು ಇದೇ ಜಾತಿಯ ಕೆಲಸ. ಮನುಷ್ಯನ ಪಾಲಿನದು ಇಷ್ಟೇ: ಮೂರು ತಿಂಗಳಿಗೊಮ್ಮೆ ಯಾವುದಾದರೂ ಒಂದು ಫೋಲ್ಡರನ್ನು ಬ್ಯಾಕಪ್ಪಿನಿಂದ ಹಿಂದಕ್ಕೆ ತಂದು, ತೆರೆದು, ಓದಿ ನೋಡುವುದು. ತೆರೆಯದೆ ನಂಬುವುದನ್ನು ಶ್ರದ್ಧೆ ಎನ್ನಲಾಗದು, ಅದು ಆಲಸ್ಯ. ಶ್ರದ್ಧೆ ತೆರೆದು ನೋಡುತ್ತದೆ.

ಇಲ್ಲಿ ಒಬ್ಬ ತತ್ತ್ವಜ್ಞಾನಿ ತಡೆಯಬಹುದು. ಉಳಿದದ್ದು ಅದೇ ವಸ್ತುವೇ? ನಕಲನ್ನು ಕಾಪಾಡಿ ಮೂಲವನ್ನು ಕಾಪಾಡಿದೆ ಎಂದುಕೊಳ್ಳುವುದು ಭ್ರಮೆಯಲ್ಲವೇ? ‘ಮಿಲಿಂದಪ್ರಶ್ನೆ’ ಎಂಬ ಬೌದ್ಧ ಗ್ರಂಥದಲ್ಲಿ ನಾಗಸೇನ ಭಿಕ್ಷು ಇದನ್ನು ದೀಪದ ಮೂಲಕ ಚರ್ಚಿಸುತ್ತಾನೆ. ಇರುಳಿನ ಮೊದಲ ಜಾವದ ಉರಿಯೂ ಕೊನೆಯ ಜಾವದ ಉರಿಯೂ ಒಂದೇ ಎನ್ನುವಂತಿಲ್ಲ, ಬೇರೆ ಎನ್ನುವಂತೆಯೂ ಇಲ್ಲ. ಒಂದನ್ನು ಆಧರಿಸಿ ಇನ್ನೊಂದು ಹುಟ್ಟುವ ಸಂತಾನ ಅದು. ಕಂಪ್ಯೂಟರಿನ ಫೈಲು ಇದಕ್ಕೆ ಬಹಳ ಹತ್ತಿರದ ಉದಾಹರಣೆ. ಅಜ್ಜಿಯ ದನಿ ಫೋನಿನಿಂದ ಲ್ಯಾಪ್‌ಟಾಪಿಗೆ, ಅಲ್ಲಿಂದ ಡ್ರೈವಿಗೆ, ಐದಾರು ವರ್ಷ ಕಳೆದ ಮೇಲೆ ಹೊಸ ಡಿಸ್ಕಿಗೆ ಸಾಗುವಾಗ ಲೋಹದ ಒಂದು ಕಣವೂ ಜೊತೆಗೆ ಹೋಗುವುದಿಲ್ಲ. ಹೋಗುವುದು ಕ್ರಮ ಮಾತ್ರ, ಆ ಕ್ರಮವನ್ನು ಮುಂದಿನದಕ್ಕೆ ದಾಟಿಸಿದ ಕೈಯ ನಿಷ್ಠೆ ಮಾತ್ರ. ಸ್ಥಾವರ ಜಂಗಮಗಳ ಭೇದವನ್ನು ಹನ್ನೆರಡನೆಯ ಶತಮಾನದಲ್ಲೇ ಮನಗಂಡಿದ್ದ ಶರಣರ ಮಾತುಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ಕಲ್ಯಾಣದ ಕ್ಷೋಭೆಯಲ್ಲಿ ವಚನಗಳ ಕಟ್ಟುಗಳು ಶರಣರೊಡನೆ ಊರೂರು ಸಾಗಿದವೆಂದು ಪರಂಪರೆ ನೆನೆಯುತ್ತದೆ. ಹದಿನೈದನೆಯ ಶತಮಾನದಲ್ಲಿ ಪ್ರೌಢದೇವರಾಯನ ಕಾಲದ ವಿರಕ್ತರು ಅವನ್ನು ಹುಡುಕಿ, ಜೋಡಿಸಿ, ಮತ್ತೆ ಬರೆಸಿದರು. ಇಪ್ಪತ್ತನೆಯ ಶತಮಾನದಲ್ಲಿ ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ಓಲೆಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚಿಗೆ ತಂದರು. ಹನ್ನೆರಡನೆಯ ಶತಮಾನದ ಓಲೆ ನಮ್ಮ ಮುಂದಿಲ್ಲ, ಮಾತು ಇದೆ. ಚಲಿಸಿದ್ದರಿಂದ ಉಳಿಯಿತು.

ಅನಿತ್ಯವಾದಿಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಎಲ್ಲವೂ ಅಳಿಯುವಂಥದ್ದೇ ಆದರೆ ಹತ್ತು ವರ್ಷ ಮುಂದೂಡಿ ಏನು ಸಾಧಿಸಿದಂತಾಯಿತು? ಸಾವನ್ನು ಒಪ್ಪದ ಮನಸ್ಸಿನ ಆಟವಲ್ಲವೇ ಇದು? ಇದಕ್ಕೆ ಉತ್ತರ ರೈತನ ಮನೆಯಲ್ಲಿದೆ. ಬಿತ್ತನೆ ಬೀಜವನ್ನು ಬೂದಿ ಬೆರೆಸಿ ಬೇರೆಯಾಗಿ ಎತ್ತಿಡುತ್ತಾರೆ, ಹಸಿವಿನ ದಿನಗಳಲ್ಲೂ ಅದಕ್ಕೆ ಕೈ ಹಾಕಲು ಹಿಂಜರಿಯುತ್ತಾರೆ. ಆ ಬೀಜ ಶಾಶ್ವತವೆಂದು ರೈತ ನಂಬಿಲ್ಲ. ಎರಡು ಮೂರು ವರ್ಷ ಬಿತ್ತದೆ ಬಿಟ್ಟರೆ ಮೊಳೆಯುವ ಶಕ್ತಿ ಕುಂದುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅದಕ್ಕೇ ಮತ್ತೆ ಬಿತ್ತಿ, ಮತ್ತೆ ಬೆಳೆದು, ಮತ್ತೆ ಎತ್ತಿಡುತ್ತಾನೆ. ಅನಿತ್ಯವನ್ನು ಅರಿತದ್ದರಿಂದ ಅವನು ಕೈಕಟ್ಟಿ ಕೂರಲಿಲ್ಲ, ಕಾಲಕಾಲಕ್ಕೆ ಮಾಡಬೇಕಾದ ಕೆಲಸ ಯಾವುದೆಂದು ಕಂಡುಕೊಂಡ. ಎಲ್ಲ ಅಳಿಯುತ್ತದೆ ಎಂಬ ಮಾತನ್ನು ಮಗುವಿಗೆ ಔಷಧ ಕೊಡದಿರಲು ನೆಪವಾಗಿಸಿದರೆ ಯಾರೂ ಅದನ್ನು ಜ್ಞಾನ ಎನ್ನುವುದಿಲ್ಲ. ಪ್ರತಿ ಮಾಡದಿರಲು ನೆಪವಾಗಿಸಿದಾಗಲೂ ಅದು ಜ್ಞಾನವಲ್ಲ. ಸಾವನ್ನು ಒಪ್ಪದವನು ಯಾರೆಂದರೆ, ತನ್ನ ಡಿಸ್ಕ್ ಕೆಡುವುದೇ ಇಲ್ಲವೆಂಬಂತೆ ಇಡೀ ಮನೆಯ ನೆನಪನ್ನು ಅದೊಂದರ ಮೇಲೆ ಹೊರಿಸಿ ನಿಶ್ಚಿಂತನಾಗಿರುವವನು.

ಕೂಡಿಹಾಕುವ ಚಟದ ಬಗೆಗಿನ ಆಕ್ಷೇಪವನ್ನು ಮಾತ್ರ ನಾನು ಅರ್ಧಕ್ಕಿಂತ ಹೆಚ್ಚು ಒಪ್ಪುತ್ತೇನೆ. ಡಿಸ್ಕ್ ಅಗ್ಗವಾದಂತೆ ಒಂದೇ ಸೂರ್ಯಾಸ್ತದ ನಲವತ್ತು ಚಿತ್ರ, ವಾಟ್ಸಾಪಿನಲ್ಲಿ ಬಂದ ಸಾವಿರ ಶುಭೋದಯ ಎಲ್ಲ ಬೆಳೆಯುತ್ತಲೇ ಹೋಗುತ್ತವೆ. ಓಲೆಯ ಮೇಲೆ ಕಂಟದಿಂದ ಕೊರೆಯುತ್ತಿದ್ದ ಲಿಪಿಕಾರನಿಗೆ ಒಂದೊಂದು ಗರಿಯೂ ಶ್ರಮ. ಆ ಶ್ರಮವೇ ಅವನಿಗೆ ಯಾವುದು ಬೇಕು, ಯಾವುದು ಬೇಡ ಎಂದು ಹೇಳಿಕೊಡುತ್ತಿತ್ತು. ನಮಗೆ ಆ ಗುರು ಇಲ್ಲ, ವಿವೇಕವನ್ನು ನಾವೇ ತಂದುಕೊಳ್ಳಬೇಕು. ಆದರೆ ಈ ಆಕ್ಷೇಪದಿಂದ ಬರುವ ತೀರ್ಮಾನ ಬ್ಯಾಕಪ್ ಬೇಡ ಎಂಬುದಾಗುವುದಿಲ್ಲ, ಆರಿಸು ಎಂಬುದಾಗುತ್ತದೆ. ವರ್ಷಕ್ಕೊಮ್ಮೆ ಕೂತು ಬೇಡದ್ದನ್ನು ಅಳಿಸುವುದು, ಉಳಿದದ್ದಕ್ಕೆ ಹೆಸರು, ಇಸವಿ ಬರೆದಿಡುವುದು ಕೂಡ ಕ್ಷೇಮದ ಒಂದು ಭಾಗ. ಇದರಲ್ಲಿ ಇನ್ನೊಬ್ಬರ ಹಕ್ಕೂ ಇದೆ. ತನ್ನ ಚಿತ್ರ, ತನ್ನ ಮಾತು ಉಳಿಯುವುದು ಬೇಡ ಎಂದು ಮನೆಯವರಲ್ಲಿ ಒಬ್ಬರು ಕೇಳಿಕೊಂಡರೆ, ಅದನ್ನು ಹಿಡಿದಿಟ್ಟ ಹಳೆಯ ಸ್ನ್ಯಾಪ್‌ಶಾಟುಗಳನ್ನೇ ಅಳಿಸಿ, ದೂರದ ಡಿಸ್ಕಿನಿಂದಲೂ ಅದನ್ನು ತೆಗೆಯಬೇಕು. ಯಾವುದನ್ನು ಕೈಬಿಡಬೇಕೆಂದು ತಿಳಿಯದವನು ಕಾವಲುಗಾರನಾಗಲಾರ.

ಇನ್ನೊಂದು ಆಕ್ಷೇಪ ಶಾಸ್ತ್ರಗ್ರಂಥದ ಗೌರವವನ್ನು ಮನೆಯ ಕಡತಕ್ಕೆ ಕೊಡಬಾರದು ಎಂಬುದು. ಆಗಮ ಎಲ್ಲಿ, ಹುಟ್ಟುಹಬ್ಬದ ವಿಡಿಯೊ ಎಲ್ಲಿ? ಬೆಲೆಯಲ್ಲಿ ಅವು ಸಮ ಎಂದು ನಾನು ಹೇಳುತ್ತಿಲ್ಲ. ಆದರೆ ಬೆಲೆ ಕಟ್ಟುವ ಕಾಲ ಯಾವಾಗ ಬರುತ್ತದೆಂದು ಕಾಪಾಡುವವನಿಗೆ ತಿಳಿದಿರುವುದಿಲ್ಲ. 1891ರಲ್ಲಿ ಆರಂಭವಾದ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಗ್ರಂಥಲಿಪಿಯ ಒಂದು ಓಲೆಯ ಕಟ್ಟನ್ನು ಕೊಟ್ಟರು. 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಅದು ಕೌಟಿಲ್ಯನ ‘ಅರ್ಥಶಾಸ್ತ್ರ’ ಎಂದು ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು. ಅದಕ್ಕೆ ಮೊದಲು ತಲೆಮಾರುಗಳ ಕಾಲ ಅದನ್ನು ಪ್ರತಿ ಮಾಡಿ ಕಟ್ಟಿಟ್ಟವರಿಗೆ ಪ್ರಪಂಚ ಒಂದು ದಿನ ಬೆರಗಾಗುತ್ತದೆಂಬ ಸುಳಿವೂ ಇದ್ದಿರಲಾರದು. ಮನೆಯ ಕಡತಗಳಲ್ಲೂ ಹೀಗೆಯೇ. ಇನ್ನು ಯಾರೂ ಆಡದ ಒಂದು ಊರಿನ ಕನ್ನಡ, ಹೆಸರು ಮಾತ್ರ ಉಳಿದ ಒಂದು ಕೆರೆ, ಬಿಟ್ಟುಹೋದ ಒಂದು ಸೋಬಾನೆಯ ಧಾಟಿ ಯಾವ ಮದುವೆಯ ವಿಡಿಯೊದ ಮೂಲೆಯಲ್ಲಿ ಕೂತಿದೆಯೋ ಬಲ್ಲವರಾರು? ಆದರೆ ಕಟ್ಟಿಟ್ಟು ಕಾದರಷ್ಟೇ ಸಾಲದು. ಮೂಡುಬಿದಿರೆಯಲ್ಲಿ ಷಟ್ಖಂಡಾಗಮದ ‘ಧವಲಾ’ ಟೀಕೆಯ ಓಲೆಗಳು ಶತಮಾನಗಳ ಕಾಲ ಅದೊಂದೇ ಊರಿನಲ್ಲಿ ಉಳಿದಿದ್ದವು. ದರ್ಶನಕ್ಕೆ ಸಿಗುತ್ತಿದ್ದವು, ಓದಿಗೆ ಸಿಗುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಶುರುವಾಗಿ, 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಸಂಪುಟಗಳು ಹೊರಬಂದವು. ಆ ಓಲೆಗಳನ್ನು ಕಾದವರಿಗೆ ನಾವು ಋಣಿಗಳು. ಅವನ್ನು ಹೊರಗೆ ತಂದವರಿಗೆ ಇನ್ನೂ ಹೆಚ್ಚು ಋಣಿಗಳು. ಧರಸೇನರ ಚಿಂತೆಗೆ ಸರಿಯಾದ ಉತ್ತರ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇರಲಿಲ್ಲ.

ಕೊನೆಯದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು: ಎಲ್ಲವೂ ಕ್ಲೌಡಿನಲ್ಲಿದೆ, ದೊಡ್ಡ ಕಂಪನಿಗಳು ನೋಡಿಕೊಳ್ಳುತ್ತವೆ, ನಮಗೇಕೆ ಈ ಉಸಾಬರಿ? ಯೋಗಕ್ಷೇಮವನ್ನು ಇನ್ನೊಬ್ಬರು ಹೊರುತ್ತಾರೆಂಬ ಭರವಸೆ ಇದು. ದೂರದ ಪ್ರತಿಯಾಗಿ ಕ್ಲೌಡ್ ಒಳ್ಳೆಯದೇ, ಬೇಡ ಎನ್ನಲು ಕಾರಣವಿಲ್ಲ. ಆದರೆ ಅದೊಂದೇ ಪ್ರತಿಯಾದರೆ ಮತ್ತೆ ಎಲ್ಲವನ್ನೂ ಒಂದರ ಮೇಲೆ ಹೊರಿಸಿದಂತೆ. ಪಾಸ್‌ವರ್ಡ್ ಕಳೆದರೆ, ಬಾಡಿಗೆ ಕಟ್ಟುವವರು ತೀರಿಕೊಂಡರೆ, ಖಾತೆ ಮುಚ್ಚಿದರೆ ಒಳಗಿರುವುದು ನಮ್ಮದಾಗಿ ಉಳಿಯುವುದಿಲ್ಲ. ಇನ್ನೂ ಆಳದ ಮಾತೆಂದರೆ, ಶರಣಾಗತಿ ದೇವರಿಗೆ ಸಲ್ಲುವ ಭಾವ, ಬಾಡಿಗೆಯ ಕರಾರಿಗೆ ಸಲ್ಲುವುದಲ್ಲ. ಗೀತೆಯ ಆ ಎರಡು ಮಾತುಗಳು ಇಲ್ಲಿ ಕೂಡುತ್ತವೆ ಎಂದು ನನಗೆ ತೋರುತ್ತದೆ. ಅರ್ಜುನನಿಗೆ ಬಿಡು ಎಂದದ್ದು ತನಗಾಗಿ ಪಡೆಯುವ, ತನಗಾಗಿ ಕಾಯುವ ತಳಮಳವನ್ನು. ದೇವರು ಹೊತ್ತದ್ದು ಇನ್ನೊಬ್ಬರ ಕ್ಷೇಮವನ್ನು. ಅದೇ ಗೀತೆ ಅರ್ಜುನನನ್ನು ಕೆಲಸದಿಂದ ಬಿಡಿಸಲಿಲ್ಲ, ಫಲದ ಆಸೆಯಿಂದ ಬಿಡಿಸಿ ಕೆಲಸಕ್ಕೆ ಹಚ್ಚಿತು. ತನ್ನ ಕ್ಷೇಮದ ಚಿಂತೆ ಬಿಟ್ಟು ಇನ್ನೊಬ್ಬರ ಕ್ಷೇಮ ಹೊರುವವನು ದೇವರ ಕೆಲಸದಲ್ಲಿ ಸಣ್ಣದೊಂದು ಪಾಲು ಪಡೆದಂತೆ. ನಮ್ಮ ಹಿರಿಯರು ಪಿತೃಋಣ, ಋಷಿಋಣ ಎಂದು ಕರೆದದ್ದನ್ನು ಹಿಂದಕ್ಕೆ ಕೊಟ್ಟು ತೀರಿಸಲಾಗದು, ಮುಂದಿನವರಿಗೆ ಕೊಟ್ಟೇ ತೀರಿಸಬೇಕು.

ಈ ವಾದಕ್ಕೆ ಒರೆಗಲ್ಲು ಒಂದೇ ಇದೆ: ನಾಳೆ ನಾವಿಲ್ಲದಿದ್ದರೆ ಆ ಪೆಟ್ಟಿಗೆಯನ್ನು ಯಾರು ತೆರೆಯಬಲ್ಲರು? ಮನೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರುವ ಪಾಸ್‌ವರ್ಡಿನ ಹಿಂದೆ ಹತ್ತು ವರ್ಷದ ನೆನಪು ಸುರಕ್ಷಿತವಾಗಿದ್ದರೆ ಅದು ಕ್ಷೇಮವಾಗಲಿಲ್ಲ, ಹೂತಿಟ್ಟ ನಿಧಿಯಾಯಿತು. ಆದ್ದರಿಂದ ಡ್ರೈವ್ ಜೋಡಿಸಿದ ದಿನವೇ ಒಂದು ಹಾಳೆಯ ಮೇಲೆ ಕನ್ನಡದಲ್ಲಿ ಬರೆದಿಡಿ: ಪೆಟ್ಟಿಗೆ ಎಲ್ಲಿದೆ, ಯಾವ ಫೋಲ್ಡರಿನಲ್ಲಿ ಏನಿದೆ, ಹೇಗೆ ತೆರೆಯಬೇಕು, ದೂರದ ಡಿಸ್ಕ್ ಯಾರ ಮನೆಯಲ್ಲಿದೆ. ಆ ಹಾಳೆಯನ್ನು ಮನೆಯ ಪತ್ರಗಳ ಜೊತೆ ಇಟ್ಟು, ಮಗಳಿಗೋ ತಮ್ಮನಿಗೋ ತೋರಿಸಿ, ಅವರ ಕೈಯಿಂದಲೇ ಒಂದು ಸಲ ತೆರೆಸಿ. ಅವರು ತೆರೆದು ಅಜ್ಜಿಯ ದನಿಯನ್ನು ಕೇಳಿದ ಮೇಲೆ ಆ ದನಿ ನಿಮ್ಮೊಬ್ಬರದಾಗಿ ಉಳಿಯುವುದಿಲ್ಲ. ನಿಮ್ಮ ಕೆಲಸ ಆಗ ಮುಗಿಯುತ್ತದೆ.